ಮೂರು ಹೆಣ್ಣು, ಒಂದು ಚೆಂದದ ಗಂಡು

ನಮ್ಮ ಮನೆಗೆ ಮೀನು ಬಂದ ಸಂಜೆ ಓಣಿಯ ಅರ್ಧ ಜನ ನಾವು ಕೆಟ್ಟೆವೆಂದೇ ತಿಳಿದರು. ಕೊರಳಲ್ಲಿ ಲಿಂಗ ಕಟ್ಟಿಕೊಂಡವರ ಮನೆಗೆ ದೀಪ ಹಚ್ಚುವ ಹೊತ್ತಿನಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಜೀವಂತ ಮೀನು ಬಂದರೆ ಇನ್ನೇನು ತಿಳಿದಾರು? ಎದುರು ಮನೆಯಾಕೆ ಕಟ್ಟೆಯ ಮೇಲಿಂದಲೇ ನನ್ನ ಅತ್ತೆಯನ್ನು ಕೇಳಿದಳು, “ಏನವ್ವ, ಇವತ್ತ ಒಲಿ ಮ್ಯಾಲ ಏನದ?” ಅತ್ತೆ ಅವಳಿಗೆ ಉತ್ತರ ಕೊಡಲಿಲ್ಲ. ಒಳಗೆ ಬಂದು ಮಗನಿಗೆ ಕೊಟ್ಟರು.

“ಮೀನ ತಂದಿ, ಛಲೋ ಆತು. ನಾಳಿ ಒಂದು ಕುರಿ ತಾ. ಅದಕ್ಕೂ ಗಾಜಿನ ಪೆಟಗಿ ಮಾಡಸು.”

ಮೀನು ತಂದವನು ನನ್ನ ಗಂಡ. ಎದುರಿಗೆ ‘ರೀ’ ಎಂದೇ ಕರೆಯುತ್ತೇನೆ, ಇಲ್ಲಿ ‘ಅವನು’ ಎಂದು ಬರೆಯುತ್ತೇನೆ. ಬರೆಯುವಾಗಲಾದರೂ ಇಷ್ಟು ಸಲಿಗೆ ಬೇಡವೇ. ಶಹಾಪುರದ ಬಸ್ ಸ್ಟ್ಯಾಂಡಿನ ಹಿಂದೆ ಅವನ ಮೋಟರ್ ರಿವೈಂಡಿಂಗ್ ಅಂಗಡಿ. ಭತ್ತದ ಗದ್ದೆಗಳಲ್ಲಿ ಸುಟ್ಟುಹೋದ ಪಂಪುಗಳು ಟಂಟಂ ಗಾಡಿಗಳಲ್ಲಿ ಬಂದು ಅಲ್ಲಿ ಬೀಳುತ್ತವೆ. ಅವುಗಳ ಹೊಟ್ಟೆ ಬಿಚ್ಚಿ, ಕರಕಲಾದ ತಂತಿ ಕಿತ್ತು ಹೊಸದು ಸುತ್ತುವುದು ಅವನ ಕೆಲಸ. ಯಾವ ಮೋಟರ್ ಯಾಕೆ ನಿಂತಿತೆಂದು ಹೇಳುವುದರಲ್ಲಿ ಅವನಿಗೆ ಸಾಟಿ ಇಲ್ಲ. ನಾನು ಸುರಪುರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಅತ್ತೆ ಮನೆ ಕಾಯುತ್ತಾರೆ, ಜೊತೆಗೆ ಓಣಿಯನ್ನೂ. ಮನೆಯಲ್ಲಿ ನಾವು ಮೂವರೇ. ಈ ‘ಮೂವರೇ’ ಎಂಬುದೇ ಎಲ್ಲರ ತಲೆನೋವಾಗಿತ್ತು.

ಮದುವೆಯಾಗಿ ವರ್ಷಗಳಾದರೂ ತೊಟ್ಟಿಲು ಕಟ್ಟಿರಲಿಲ್ಲ. ಅದಕ್ಕಾಗಿ ನಾನು ಸೋಮವಾರ ಉಪವಾಸ ಮಾಡಿದ್ದೆ. ಕೊಡೇಕಲ್ಲಿಗೆ ಹೋಗಿ ಹರಕೆ ಹೊತ್ತು ಬಂದಿದ್ದೆ. ಯಾರೋ ಹೇಳಿದ ಬೇರು ಅರೆದು ಕುಡಿದು ವಾಂತಿಯನ್ನೂ ಮಾಡಿದ್ದೆ. ವಾಂತಿ ಕಂಡು ಅತ್ತೆ ಅರ್ಧ ದಿನ ಖುಷಿಯಾಗಿದ್ದರು. ಆಡು ಮುಟ್ಟದ ಸೊಪ್ಪಿಲ್ಲ, ನಾನು ಹತ್ತದ ದವಾಖಾನೆಯ ಮೆಟ್ಟಿಲಿಲ್ಲ. ನನ್ನ ಹೊಟ್ಟೆಯ ಫೋಟೊಗಳು ಮದುವೆಯ ಆಲ್ಬಮ್ಮಿಗಿಂತ ದಪ್ಪ ಆಗಿದ್ದವು. ಯಾದಗಿರಿಯ ಡಾಕ್ಟರಮ್ಮ ಎಲ್ಲವನ್ನೂ ಬೆಳಕಿಗೆ ಹಿಡಿದು ನೋಡಿ, “ನಿಮ್ದೆಲ್ಲ ಬರೋಬರಿ ಅದ. ನಿಮ್ಮ ಯಜಮಾನ್ರನ್ನ ಒಮ್ಮೆ ಕರಕೊಂಡು ಬರ್ರಿ” ಎಂದರು. ಬಂದು ಹೇಳಿದೆ. ಅವನು ಎದೆಯನ್ನು ಒಮ್ಮೆ ತಟ್ಟಿಕೊಂಡು, “ನನಗೇನಾಗ್ಯಾದ? ಐದು ಎಚ್‌ಪಿ ಮೋಟರ್ ಒಬ್ಬನೇ ಎತ್ತತೀನಿ” ಎಂದ. ಮೋಟರ್ ಎತ್ತುವುದಕ್ಕೂ ಅದಕ್ಕೂ ಏನು ಸಂಬಂಧ ಎಂದು ನಾನು ಕೇಳಲಿಲ್ಲ. ಹತ್ತನೇ ತರಗತಿಯ ಮಕ್ಕಳಿಗೆ ಸಂತಾನೋತ್ಪತ್ತಿಯ ಪಾಠವನ್ನು ನಗು ತಡೆದುಕೊಂಡು ಮಾಡುವವಳು ನಾನು, ಮನೆಯಲ್ಲಿ ಆ ಪಾಠ ಮಾಡುವ ಧೈರ್ಯ ಬರಲಿಲ್ಲ.

ಅಷ್ಟರಲ್ಲಿ ಅವನಿಗೆ ಮೀನಿನ ಹುಚ್ಚು ಹಿಡಿಯಿತು. ಅದೂ ಎಂಥ ಮೀನು! ಗೋಲ್ಡ್‌ಫಿಶ್ ತಂದು ಡಬ್ಬಿಯ ಕಾಳು ಹಾಕಿ ಸುಮ್ಮನೆ ಕೂರಬಹುದಿತ್ತು. ಸುಲಭದ ಕೆಲಸ ಅವನಿಗೆ ರುಚಿಸುವುದಿಲ್ಲ. ಸಿಕ್ಲಿಡ್ ಎಂಬುದು ಮೀನುಗಳಲ್ಲಿ ಒಂದು ದೊಡ್ಡ ಕುಲ. ಅದರಲ್ಲಿ ಕುಳ್ಳ ಸಿಕ್ಲಿಡ್ ಎಂದು ಬೆರಳುದ್ದ ಬೆಳೆಯುವ ಒಂದು ಪಂಗಡ. ಅವುಗಳಲ್ಲೂ ಕೆಲವು ಸಾಧು, ಎಲ್ಲಿ ಬಿಟ್ಟರೂ ಸಂಸಾರ ಮಾಡಿಕೊಂಡು ಹೋಗುತ್ತವೆ. ಕೆಲವು ಮಾತ್ರ ದೊಡ್ಡ ಮನೆತನದ ಸೊಕ್ಕಿನವು. ಎಲ್ಲೋ ಕಾಡಿನ ಹೊಳೆಯಲ್ಲಿ, ಕೊಳೆತ ಎಲೆಯ ರಸ ಇಳಿದ ಮೆದು ನೀರಿನಲ್ಲಿ ಹುಟ್ಟಿದ ಜಾತಿ. ಅಂಥದೇ ನೀರು, ಅಷ್ಟೇ ಬಿಸಿ, ಅಷ್ಟೇ ಕತ್ತಲೆ ಬೇಕು. ನನ್ನ ಗಂಡ ಆರಿಸಿದ್ದು ಇವನ್ನು.

ಯಾದಗಿರಿ ಸ್ಟೇಷನ್ ಹತ್ತಿರದ ಮೀನಿನಂಗಡಿಯವನು ಹೈದರಾಬಾದಿನಿಂದ ತರಿಸಿಕೊಟ್ಟಿದ್ದ. ಅವನ ಬಾಯಿಯಲ್ಲಿ ಸತ್ತ ಮೀನೂ ಈಜುತ್ತದೆ. “ಬೇಫಿಕರ್ ಒಯ್ರಿ ಸರ್. ಪಕ್ಕಾ ಜೋಡಿ ಅದ. ತಿಂಗಳೊಪ್ಪತ್ತಿನಾಗ ಮನಿ ತುಂಬ ಮರಿ” ಎಂದನಂತೆ. ಮನೆ ತುಂಬ ಮರಿ ಎಂಬ ಮಾತಿಗೇ ಇವನು ಸೋತಿರಬೇಕು ಎಂದು ನನಗೆ ಈಗ ಅನ್ನಿಸುತ್ತದೆ. ಗಂಡುಮೀನು ನಿಜಕ್ಕೂ ಚೆಂದವಿತ್ತು: ಕಿತ್ತಳೆ ಬಾಲ, ಮೈತುಂಬ ನೀಲಿ ಮಿಂಚು, ಬೆನ್ನ ಮೇಲೆ ಎದ್ದುನಿಂತ ರೆಕ್ಕೆ. ಹೆಣ್ಣು ಅದರ ಅರ್ಧವೂ ಇಲ್ಲ, ಬೂದು ಬಣ್ಣದ ಬಡಪಾಯಿ. ಬಂದವರೆಲ್ಲ ಗಂಡನ್ನು ನೋಡಿ “ಆಹಾ” ಎನ್ನುವರು. ಹೆಣ್ಣನ್ನು ನೋಡಿ “ಇನ್ನೊಂದು ಎಲ್ಲದ?” ಎಂದು ಕೇಳುವರು.

ಮೊದಲ ಜಗಳ ನೀರಿನದು. ನಮ್ಮ ಬೋರಿನ ನೀರು ಗಡಸೆಂದರೆ ಗಡಸು. ಹಂಡೆಯೊಳಗೆ ಬಿಳಿ ಹಕ್ಕಳೆ ಕಟ್ಟುತ್ತದೆ, ತಲೆಗೆ ಹಾಕಿಕೊಂಡರೆ ಕೂದಲು ಕಸಬರಿಗೆ. ಆ ನೀರಿನಲ್ಲಿ ಈ ಮೀನು ಬದುಕಿದರೂ ತತ್ತಿ ಫಲಿಸುವುದಿಲ್ಲ ಎಂದು ಅವನು ಫೋನಿನಲ್ಲಿ ಓದಿಕೊಂಡ. ಅಂದಿನಿಂದ ಫಿಲ್ಟರ್ ನೀರಿನ ಕ್ಯಾನು ಮೀನಿನ ಹೆಸರಿಗೆ ಬರತೊಡಗಿತು. ಅದಕ್ಕೆ ಒಂದಿಷ್ಟೇ ಬೋರಿನ ನೀರನ್ನು ಔಷಧದಂತೆ ಅಳೆದು ಬೆರೆಸುವನು. ಅತ್ತೆ ನೋಡಿ ನೋಡಿ ಅಂದರು, “ಮನಿ ಮಂದಿ ಬೋರಿನ ನೀರು ಕುಡದು ಮಂಡಿ ಹಿಡಕೊಂಡು ಕುಂತೀವಿ. ಮೀನ ಫಿಲ್ಟರ್ ನೀರಾಗ ಜಳಕ ಮಾಡಾಕತ್ತಾವ.”

ಆಮೇಲೆ ಎಲೆ. ಕಾಡುಬಾದಾಮಿಯ ಒಣಗಿದ ಎಲೆ ಹಾಕಿದರೆ ನೀರಿಗೆ ಆ ಹೊಳೆಯ ಗುಣ ಬರುತ್ತದಂತೆ. ಆ ಮರ ಇದ್ದದ್ದು ನನ್ನ ಶಾಲೆಯ ಅಂಗಳದಲ್ಲಿ. ಊಟದ ಬಿಡುವಿನಲ್ಲಿ ನಾನು ಎಲೆ ಆರಿಸುವುದನ್ನು ಕಂಡು ಹೆಡ್‌ಮಾಸ್ತರರು, “ಮೇಡಂ, ಕಸ ಗುಡಸಾಕ ಆಳು ಅದಾಳ್ರಿ” ಎಂದರು. ಮೀನಿಗೆ ಎಂದೆ. ಅವರು ‘ಪಾಪ, ಮಕ್ಕಳಿಲ್ಲದವಳು’ ಎಂಬ ಮುಖ ಮಾಡಿದರು. ಎಲೆ ಬಿದ್ದು ನೀರು ಕಂದಾದ ಮೇಲೆ ಓಣಿಯವರು ಬಂದು, “ಚಹಾದಾಗ ಮೀನ ಬಿಟ್ಟೀರೇನು?” ಎಂದು ಕೇಳಿ ಹೋದರು.

ಊಟದ್ದು ಇನ್ನೊಂದು ಕಥೆ. ಈ ಮಹಾರಾಯರು ಒಣ ಕಾಳು ಮೂಸುವುದಿಲ್ಲ, ಹುಳವೇ ಆಗಬೇಕು. ಕೆಂಪು ಹುಳವನ್ನು ಹೆಪ್ಪುಗಟ್ಟಿಸಿ ಬಿಲ್ಲೆ ಮಾಡಿ ಮಾರುತ್ತಾರೆ. ಅದು ನಮ್ಮ ಫ್ರಿಜ್ಜಿನ ಐಸ್ ಖಾನೆಯಲ್ಲಿ, ಹಾಲಿನ ಕೆನೆಯ ಪಕ್ಕದಲ್ಲಿ ಕೂತಿತು. ಅತ್ತೆ ಅದನ್ನು ಬೀಟ್‌ರೂಟ್ ಎಂದುಕೊಂಡು ಹೊರತೆಗೆದು ತಾಟಿನಲ್ಲಿಟ್ಟಿದ್ದರು. ಕರಗಿದ ಮೇಲೆ ನೋಡಿದರು. ಅವತ್ತು ಫ್ರಿಜ್ಜಿಗೆ ಗೋಮೂತ್ರ ಚಿಮುಕಿಸಿದ ವಾಸನೆ ವಾರವಿಡೀ ಮೊಸರಿಗೆ ಹತ್ತಿತ್ತು.

ಬೇಸಿಗೆಯ ಬಗ್ಗೆ ಹೇಳಲೇಬೇಕಿಲ್ಲ. ಕರೆಂಟು ಹೋದರೆ ಗಾಜಿನ ತೊಟ್ಟಿಯ ನೀರು ಕಾದು ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಹಸಿ ಗೋಣಿಚೀಲ ಹೊದಿಸಿ, ಬಾಟಲಿಯಲ್ಲಿ ಐಸು ಕಟ್ಟಿ ತೇಲಿಬಿಡುವುದು. ನೀರು ಬಹಳ ಬಿಸಿಯಾದರೆ ಹುಟ್ಟುವ ಮರಿಗಳಲ್ಲಿ ಗಂಡೇ ಹೆಚ್ಚು ಎಂದೂ ಅವನು ಓದಿ ಹೇಳಿದ. ಅತ್ತೆಗೆ ಅದು ನಂಬಲಾಗಲಿಲ್ಲ. ಬಿಸಿಲಿಗೇ ಗಂಡು ಹುಟ್ಟುವುದಾದರೆ ಯಾದಗಿರಿ ಜಿಲ್ಲೆಯಲ್ಲಿ ಗಂಡುಮಗು ಬೇಡಿ ಹರಕೆ ಹೊರುವವರೇ ಇರಬಾರದಿತ್ತಲ್ಲ ಎಂಬುದು ಅವರ ವಾದ. ನನಗೆ ಅದರಲ್ಲಿ ತಪ್ಪು ಹುಡುಕಲಾಗಲಿಲ್ಲ.

ಇಷ್ಟೆಲ್ಲ ಆದ ಮೇಲೆ ಹೆಣ್ಣುಮೀನು ಅರಿಶಿನ ಬಳಿದುಕೊಂಡಂತೆ ಹಳದಿಯಾಯಿತು. ತೊಟ್ಟಿಯೊಳಗೆ ಬೋರಲು ಹಾಕಿದ್ದ ತೆಂಗಿನ ಚಿಪ್ಪೇ ಅದರ ಮನೆ. ಅದರ ಒಳಮೇಲ್ಭಾಗಕ್ಕೆ ತತ್ತಿ ಅಂಟಿಸಿ ಬಾಗಿಲಿಗೆ ಕಾವಲು ನಿಂತಿತು. ಈ ಜಾತಿಯಲ್ಲಿ ಕಾಯುವುದೂ ಹೆಣ್ಣೇ. ಗಂಡು ಬಂದು ತನ್ನ ಪಾಲಿನ ಕೆಲಸ ಮಾಡಿ ಹೊರಗೆ ರೆಕ್ಕೆ ಬೀಸುತ್ತ ತಿರುಗುತ್ತದೆ. ಓಣಿಯ ಜನ ಬಂದು ಗಾಜಿಗೆ ಬೆರಳು ಬಡಿದರೆ ಹೆಣ್ಣು ಬೆದರಿ ತತ್ತಿ ನುಂಗುತ್ತದೆ, ಯಾರೂ ಹತ್ತಿರ ಬರಬಾರದು ಎಂದು ಅವನು ಅತ್ತೆಯನ್ನು ಕಾವಲಿಗೆ ಕೂರಿಸಿದ. ಅತ್ತೆ ಗೊಣಗಿದರು. ಆದರೆ ಮೊರ ತುಂಬ ಜೋಳ ಇಟ್ಟುಕೊಂಡು ತೊಟ್ಟಿಯ ಮುಂದೆ ಹಸನು ಮಾಡುತ್ತ ಕೂತವರು ಆಮೇಲೆ ಟಿವಿಯ ಕಡೆಗೇ ತಿರುಗಲಿಲ್ಲ. ಸಾಯಂಕಾಲ ನಾನು ಬಸ್ಸಿಳಿದು ಬಂದರೆ ದಿನದ ವರದಿ ಒಪ್ಪಿಸುವರು: “ಉಣ್ಣಾಕೂ ಹೊರಗ ಬಂದಿಲ್ಲ ನೋಡು ಆಕಿ. ಈ ಹೊಲಸು ಗಂಡಸು ಒಮ್ಮೆರ ಹಣಿಕಿ ನೋಡಿದ್ರ ಕೇಳು.”

ತತ್ತಿ ಬೆಳ್ಳಗಾದವು. ಬೂಸ್ಟು ಹಿಡಿದವು. ಹೆಣ್ಣು ಅವನ್ನು ಒಂದೊಂದಾಗಿ ತಿಂದು ಚಿಪ್ಪು ಚೊಕ್ಕ ಮಾಡಿತು. ಫಲ ಹಿಡಿಯದ ತತ್ತಿಯನ್ನು ತೆಗೆದುಹಾಕುವುದು ಅದರ ಸ್ವಭಾವ. ನನ್ನ ಗಂಡನಿಗೆ ಕಂಡದ್ದು ಬೇರೆ. “ಹೆಣ್ಣ ಸರಿ ಇಲ್ಲ. ತಾ ಹಾಕಿದ್ದು ತಾನೇ ತಿಂತಾಳ” ಎಂದು ಅದನ್ನು ಯಾದಗಿರಿಗೆ ಒಯ್ದು ಕೊಟ್ಟು ಎರಡನೆಯ ಹೆಣ್ಣು ತಂದ. ಅದೂ ಹಳದಿಯಾಯಿತು, ಅದೂ ತತ್ತಿ ಹಾಕಿತು, ಅವೂ ಬೆಳ್ಳಗಾದವು. ಮೂರನೆಯದು ಬಂತು. ನೀರು ಬದಲಿಸಿದ, ಎಲೆ ಬದಲಿಸಿದ, ದೀಪ ಬದಲಿಸಿದ. ಸುಟ್ಟ ಮೋಟರಿನ ಒಂದೊಂದು ಸುತ್ತನ್ನೂ ಬಿಡದೆ ನೋಡುವ ಮನುಷ್ಯ ಈ ತೊಟ್ಟಿಯೊಳಗೆ ಒಂದನ್ನು ಮಾತ್ರ ಮುಟ್ಟಲಿಲ್ಲ. ಯಾಕೆಂದರೆ ಗಂಡು ಚೆಂದವಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ನಮ್ಮ ಮನೆಯಲ್ಲಿ ಎಮ್ಮೆಗಳನ್ನೇ ಬದಲಿಸುತ್ತಿದ್ದರು.

ನನಗೆ ಇದು ಬರೀ ತಮಾಷೆಯಾಗಿ ಉಳಿಯಲಿಲ್ಲ. ಅದೇ ದಿನಗಳಲ್ಲಿ ಅತ್ತೆಯ ಅಕ್ಕ, ನನ್ನ ಗಂಡನ ದೊಡ್ಡವ್ವ, ಸುರಪುರದಿಂದ ಮೇಲಿಂದ ಮೇಲೆ ಬರತೊಡಗಿದ್ದರು. ಅವರ ಗಂಡನ ಕಡೆಯ ಯಾವುದೋ ಹುಡುಗಿಯ ಮಾತು. ಬಡವರು, ತಂದೆ ಇಲ್ಲ, ಮನೆಗೆಲಸಕ್ಕೂ ಆದಾಳು. “ಈಕಿ ಇರತಾಳ, ಎಲ್ಲಿ ಹೋಗತಾಳ? ನೌಕರಿ ಅದ. ಮನಿಗಿ ಒಂದು ದೀಪ ಬೇಕಲ್ಲ” ಎಂದು ಅಡುಗೆಮನೆಗೆ ಕೇಳುವಷ್ಟು ದನಿಯಲ್ಲಿ ಹೇಳುತ್ತಿದ್ದರು. ಅತ್ತೆ ಹೂಂ ಅನ್ನಲಿಲ್ಲ, ಊಹೂಂ ಕೂಡ ಅನ್ನಲಿಲ್ಲ. ನನ್ನ ಗಂಡನೂ ಸುಮ್ಮನಿದ್ದ. ದೊಡ್ಡವ್ವನ ಮೇಲಿಗಿಂತ ಆ ಸುಮ್ಮನಿರುವಿಕೆಯ ಮೇಲೆ ನನಗೆ ಸಿಟ್ಟು. ರೊಟ್ಟಿ ಬಡಿಯುವಾಗ ನನ್ನ ಕೈ ಜೋರಾಗುತ್ತಿತ್ತು. ಮೂರನೆಯ ಹೆಣ್ಣು ತೊಟ್ಟಿಗೆ ಇಳಿದ ದಿನ ನಾನು ಊಟ ಮಾಡಲಿಲ್ಲ, ಯಾಕೆಂದು ಯಾರೂ ಕೇಳಲಿಲ್ಲ. ನನಗೆ ಹೆದರಿಕೆಯಾಗಿತ್ತು. ಈ ಮನೆಯಲ್ಲಿ ನನ್ನ ಜಾಗಕ್ಕೆ ಇನ್ನೊಬ್ಬಳನ್ನು ತರುವುದು ಇಷ್ಟೇ ಸುಲಭ ಎಂದು ಕಣ್ಣಿಗೆ ಕಂಡಿತ್ತು.

ಅದೊಂದು ಭಾನುವಾರ. ದೊಡ್ಡವ್ವ ಬಂದು ಕೂತಿದ್ದರು, ಹುಡುಗಿಯ ಫೋಟೊ ಸಂಚಿಯಲ್ಲಿತ್ತು. ಅತ್ತೆ ತೊಟ್ಟಿಯ ಮುಂದೆ ಜೋಳ ಕೇರುತ್ತಿದ್ದರು. ನಾನು ಒಳಗೆ ಚಹಾ ಇಟ್ಟಿದ್ದೆ. ಬೆಳಿಗ್ಗೆ ಮೂರನೆಯ ಹೆಣ್ಣಿನ ತತ್ತಿಗಳೂ ಬೆಳ್ಳಗಾಗಿದ್ದವು. ನನ್ನ ಗಂಡ ಸಣ್ಣ ಬಲೆ ಹಿಡಿದು ಆ ಹೆಣ್ಣನ್ನು ಬೆನ್ನಟ್ಟುತ್ತ, “ಇದೂ ಕೆಲಸಕ್ಕ ಬರಲಿಲ್ಲ. ಇನ್ನೊಂದು ಹೆಣ್ಣ ತರತೀನಿ” ಎಂದ.

“ತಾ, ಅದಕ್ಕೇನು” ಎಂದರು ದೊಡ್ಡವ್ವ. ಅವರ ಕೈ ಸಂಚಿಗೆ ಹೋಗಿತ್ತು.

ಅತ್ತೆ ಮೊರ ಕೆಳಗಿಟ್ಟರು. “ಏ ತಮ್ಮಾ, ನಿಂದ್ರು. ಆ ಬಲಿ ತೆಗಿ ಮೊದಲ. ಮೂರು ಹೆಣ್ಣ ತಂದಿ. ಮೂರೂ ತತ್ತಿ ಹಾಕ್ಯಾವ, ನಾ ಇಲ್ಲೇ ಕುಂತು ನೋಡೀನಿ. ಕೂಳು ನೀರು ಬಿಟ್ಟು ಕಾಯ್ದಾವ. ಇನ್ನೇನ ಮಾಡಬೇಕವ? ಆ ಬಣ್ಣದ ಬಸವಣ್ಣ ಒಬ್ಬ ಅದಾನಲ್ಲ, ಅವನ್ನ ನೋಡೀದೇನು? ಚಂದ ಅದಾನಂತ ಬಿಟ್ಟೀದಿ. ಖೋಡಿ ಅವನಾಗೇ ಇರಬೇಕು.”

ತೊಟ್ಟಿಯ ಪಂಪು ಗುಳುಗುಳು ಎನ್ನುತ್ತಿತ್ತು. ಅತ್ತೆಗೂ ತಾವೇನು ಅಂದೆವೆಂದು ಆಗಲೇ ಹೊಳೆದಿರಬೇಕು. ಮೊರದ ಕಡೆ ಹೋದ ಕೈ ಅಲ್ಲೇ ನಿಂತಿತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿದರು. ಬಹಳ ಹೊತ್ತು ನೋಡಿದರು. ಮದುವೆಯಾಗಿ ಬಂದ ಮೇಲೆ ಅವರು ನನ್ನನ್ನು ಹಾಗೆ ನೋಡಿದ್ದು ನನಗೆ ನೆನಪಿಲ್ಲ.

ದೊಡ್ಡವ್ವ, “ಮೀನಿನ ಮಾತು ಬಿಡ, ನಾ ಬಂದದ್ದು…” ಎಂದು ಶುರುಮಾಡಿದರು.

“ಮೀನಿಂದ ಮುಗೀತಕ್ಕ” ಎಂದು ಅತ್ತೆ ಮಗನ ಕಡೆ ತಿರುಗಿದರು. “ಈಗ ನಿಂದು ಹೇಳು. ಈಕಿ ದವಾಖಾನಿ ತಿರುಗಿ ತಿರುಗಿ ಚಪ್ಪಲಿ ಸವಿಸ್ಯಾಳ. ನೀ ಎಷ್ಟು ಸಲ ಹೋಗೀದಿ?”

ಅವನು ಬಲೆಯನ್ನು ನೋಡುತ್ತ ನಿಂತ. ಬಲೆಯಿಂದ ನೆಲಕ್ಕೆ ನೀರು ತೊಟ್ಟಿಕ್ಕುತ್ತಿತ್ತು. ನಾನು ಒಳಗೆ ಹೋದೆ. ಚಹಾ ಉಕ್ಕಿ ಒಲೆ ತುಂಬ ಹರಿದಿತ್ತು. ಅದನ್ನು ಒರೆಸುವಾಗ ನನಗೆ ಅಳು ಬಂತು, ನಗುವೂ ಬಂತು, ಎರಡನ್ನೂ ಸೆರಗಿಗೆ ಒತ್ತಿಕೊಂಡೆ. ಸಂಚಿಯಲ್ಲಿದ್ದ ಫೋಟೊ ಅವತ್ತು ಹೊರಗೆ ಬರಲಿಲ್ಲ. ದೊಡ್ಡವ್ವ ಚಹಾ ಕುಡಿಯದೇ ಬಸ್ಸಿಗೆ ಹೊತ್ತಾಯಿತೆಂದು ಎದ್ದರು.

ಅದೇ ವಾರ ಇಬ್ಬರೂ ಯಾದಗಿರಿಗೆ ಹೋದೆವು. ಊರಿನ ಮೋಟರುಗಳ ಹೊಟ್ಟೆಯನ್ನೆಲ್ಲ ನಡುರಸ್ತೆಯಲ್ಲಿ ಬಿಚ್ಚುವವನು, ದವಾಖಾನೆಯವರು ಒಂದು ಸಣ್ಣ ಡಬ್ಬಿ ಕೈಗೆ ಕೊಟ್ಟಾಗ ಮುಖ ಎಲ್ಲಿಡಬೇಕೆಂದು ತಿಳಿಯದೆ ಗೋಡೆಯ ಕ್ಯಾಲೆಂಡರ್ ಓದತೊಡಗಿದ. “ಹೋಗ್ರಿ, ನಾ ಇಲ್ಲೇ ಕುಂತೀನಿ” ಎಂದೆ. ಇಷ್ಟು ವರ್ಷ ಅವನು ಹೊರಗೆ ಕೂತು ನನಗೆ ಹೇಳುತ್ತಿದ್ದ ಮಾತು ಅದು.

ಫಲಿತಾಂಶ ಬರಲು ಹೊತ್ತಿತ್ತು, ಮೀನಿನಂಗಡಿಗೆ ಹೋದೆವು. ಗಂಡುಮೀನಿನ ವಿಚಾರ ಎತ್ತಿದ ಕೂಡಲೇ ಅಂಗಡಿಯವನು ಸಂಕೋಚವೇ ಇಲ್ಲದೆ ಹೇಳಿಬಿಟ್ಟ. “ಅದು ಶೋಕಿ ಮಾಲ್ ಅದರಿ ಸರ್. ಲಗೂನ ಬಣ್ಣ ಬರ್ಲಂತ ಸಣ್ಣದಿದ್ದಾಗೇ ಔಷಧ ತಿನ್ನಿಸಿ ಬೆಳಸ್ತಾರ. ಅಂಥವು ಬಾಳ ಮಾಡಿ ಮರಿಗಿ ಬರಂಗಿಲ್ಲ. ನೋಡಾಕಷ್ಟೇ.”

“ಮೊದಲೇ ಹೇಳಾಕ ಏನಾಗಿತ್ತು?” ಎಂದು ನನ್ನ ಗಂಡ ಸಿಡಿದ.

“ನೀವು ಬಂದಾಗೆಲ್ಲ ಹೆಣ್ಣೇ ಕೇಳತಿದ್ರಲ್ಲರಿ. ಗಂಡಿಂದು ಯಾರು ಕೇಳಿದ್ರು?”

ಮೂಲೆಯ ತೊಟ್ಟಿಯಲ್ಲಿ ಬಣ್ಣ ಬರದ ಎಳೆಯ ಮೀನುಗಳಿದ್ದವು, ಔಷಧ ಹಾಕದವು, ಯಾರೂ ಕೊಳ್ಳದೆ ಉಳಿದವು. ನನ್ನ ಗಂಡ ಅವುಗಳಲ್ಲಿ ಕೆಲವನ್ನು ಕಟ್ಟಿಸಿಕೊಂಡ. ದವಾಖಾನೆಗೆ ಮರಳಿದಾಗ ಡಾಕ್ಟರಮ್ಮ ಕಾಗದ ನೋಡಿ, ಅವನದರಲ್ಲಿ ಸಂಖ್ಯೆ ಬಹಳ ಕಡಿಮೆ ಇದೆ, ಗುಳಿಗೆ ಶುರುಮಾಡೋಣ, ಗುಟ್ಕಾ ಇವತ್ತೇ ಬಿಡಬೇಕು ಎಂದರು. ನನಗೆ ಖುಷಿಯಾಯಿತು, ಮುಚ್ಚಿಡುವುದಿಲ್ಲ. ವರ್ಷಗಟ್ಟಲೆ ತಲೆಯ ಮೇಲಿದ್ದ ಹೊರೆಯನ್ನು ಯಾರೋ ಇಳಿಸಿಕೊಂಡಂತಾಯಿತು. ಅವನ ಮುಖ ನೋಡಿ ಸಂಕಟವಾದದ್ದು ಆಮೇಲೆ. ಬಸ್ಸಿನಲ್ಲಿ ಮೀನಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಕಡೆಗೆ, “ನೀ ಒಬ್ಬಾಕಿನೇ ತಿರುಗಿದಿ” ಎಂದ. ಅಷ್ಟೇ. ಅಷ್ಟಕ್ಕೇ ನನ್ನ ಸಿಟ್ಟು ಅರ್ಧ ಇಳಿಯಿತು. ಇನ್ನರ್ಧವನ್ನು ಅಗತ್ಯ ಬಿದ್ದಾಗ ಬೇಕೆಂದು ಇಟ್ಟುಕೊಂಡಿದ್ದೇನೆ.

ಆ ಬಣ್ಣಗೇಡಿ ಮರಿಗಳಲ್ಲೊಂದು ಗಂಡಾಗಿ ಬೆಳೆಯಿತು. ಹಳೆಯ ಚೆಂದದವನನ್ನು ತೆಗೆದು ಇದನ್ನು ಬಿಟ್ಟೆವು. ಅವನ ಮುಂದೆ ಇದು ಏನೂ ಅಲ್ಲ. ಆದರೆ ಮೂರನೆಯ ಹೆಣ್ಣು ಮತ್ತೆ ತತ್ತಿ ಹಾಕಿದಾಗ ಅವು ಬೆಳ್ಳಗಾಗಲಿಲ್ಲ. ಒಂದು ಮುಂಜಾನೆ ಅತ್ತೆಯ ಕೂಗಿಗೆ ಓಡಿಬಂದು ನೋಡಿದರೆ ಸಾಸಿವೆಗಿಂತ ಸಣ್ಣ ಚುಕ್ಕಿಗಳ ಒಂದು ಗುಂಪು ತೆಂಗಿನ ಚಿಪ್ಪಿನಿಂದ ಹೊರಬಿದ್ದು ತಾಯಿಯ ಹಿಂದೆ ಹೊರಟಿತ್ತು. ಅತ್ತೆ ಓಣಿಗೆಲ್ಲ ಸಕ್ಕರೆ ಹಂಚಿದರು. ಎದುರು ಮನೆಯಾಕೆ ಸಕ್ಕರೆ ಬಾಯಿಗೆ ಹಾಕಿಕೊಂಡು, ಹುಟ್ಟಿದ್ದು ಯಾರಿಗೆಂದು ತಿಳಿದ ಮೇಲೆ ಉಗುಳಲೂ ಆಗದೆ ನುಂಗಲೂ ಆಗದೆ ನಿಂತಳು.

ಇನ್ನು ನೀವು ಕೇಳಲು ಹೊರಟ ಪ್ರಶ್ನೆ ನನಗೆ ಗೊತ್ತು. ಗುಳಿಗೆ ಕೆಲಸ ಮಾಡಿತೇ, ತೊಟ್ಟಿಲು ಕಟ್ಟಿದೆವೇ ಎಂದು. ನೀವೂ ನಮ್ಮ ಓಣಿಯವರೇ ಆದಿರಿ ಹಾಗಾದರೆ. ನಾನು ಹೇಳಹೊರಟದ್ದು ಅದಲ್ಲ.

ಗುಳಿಗೆ ನಡೆದಿದ್ದ ದಿನಗಳಲ್ಲಿ ಹಿಂದಿನ ಓಣಿಯಲ್ಲಿ ಒಂದು ಕುಬುಸ ಇತ್ತು. ಬಸುರಿಗೆ ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಹೆಂಗಸರನ್ನು ಸಾಲಾಗಿ ಕೂರಿಸಿ ಕುಂಕುಮ ಹಚ್ಚುವ ಕಾರ್ಯ. ನಾನು ಇಂಥ ಕಡೆ ಹೋಗುವುದನ್ನು ಬಿಟ್ಟಿದ್ದೆ. ಅತ್ತೆ ಹಟ ಮಾಡಿ ಎಳೆದುಕೊಂಡು ಹೋದರು. ಕುಂಕುಮದ ತಾಟು ಹಿಡಿದ ಹೆಣ್ಣುಮಗಳು ಸಾಲಿನಲ್ಲಿ ಬಂದಳು, ನನ್ನ ಮುಂದೆ ಬಂದಾಗ ಕಾಲು ತುಸು ಬೇಗ ಎತ್ತಿಟ್ಟು ಮುಂದಿನವಳಿಗೆ ಹಚ್ಚಿದಳು. ಅವಳ ತಪ್ಪೂ ಅಲ್ಲ, ಎಲ್ಲರೂ ಹಾಗೇ ಮಾಡುತ್ತ ಬಂದದ್ದು. ನಾನು ನೆಲ ನೋಡಿದೆ. ಪಕ್ಕದಲ್ಲಿದ್ದ ಮುದುಕಿಯೊಬ್ಬಳು ಅತ್ತೆಗೆ ಕನಿಕರದಿಂದಲೇ ಹೇಳಿದಳು, “ನಿನ್ನ ಸೊಸಿದು ಹಿಂದಿಂದು ಏನರ ದೋಷ ಇರಬೇಕವ್ವ. ಕೇಳಸು.”

ಅತ್ತೆ ಎದ್ದು ನಿಂತರು. ಹಾಡುತ್ತಿದ್ದವರು ಹಾಡು ನಿಲ್ಲಿಸಿದರು.

“ನನ್ನ ಸೊಸಿದೇನೂ ದೋಷ ಇಲ್ಲ. ಕಮ್ಮಿ ಇರೂದು ನನ್ನ ಮಗಂದು. ಗುಳಗಿ ತಗೋಳಾಕತ್ತಾನ. ಇನ್ನ ಯಾರಿಗರ ಏನರ ಕೇಳೂದಿದ್ರ ಈಕೀನ ಕೇಳಬ್ಯಾಡ್ರಿ, ಅವನ ಅಂಗಡಿಗಿ ಹೋಗಿ ಅವನ್ನೇ ಕೇಳ್ರಿ.”

ಒಬ್ಬನೇ ಮಗನ ಮಾನವನ್ನು ಅವರು ಅಷ್ಟು ಹೆಂಗಸರ ನಡುವೆ ನೆಲಕ್ಕಿಟ್ಟರು, ನನ್ನದನ್ನು ಎತ್ತಿಕೊಳ್ಳಲು. ನಾನು ಅವರ ಕೈ ಹಿಡಿದುಕೊಂಡೆ. ತಾಟು ಹಿಡಿದ ಹೆಣ್ಣುಮಗಳು ಹಿಂದಕ್ಕೆ ಬಂದು ನನ್ನ ಹಣೆಗೆ ಕುಂಕುಮ ಹಚ್ಚಿದಳು.